ರೊಟ್ಟಿ ಪಕ್ಕದಲ್ಲಿ ಏನಿರಬೇಕು? ಐವತ್ತು ದಾಟಿದವರಿಗೆ ಊಟದ ಲೆಕ್ಕ

ನಮ್ಮ ಅವ್ವನಿಗೆ ಈಗ 67. ಹುಬ್ಬಳ್ಳಿಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಹೋದ ವರ್ಷ ಒಂದು ದಿನ ದೇವರ ಮುಂದೆ ಕುಳಿತವಳು ಏಳುವಾಗ ಬಾಗಿಲ ಚೌಕಟ್ಟು ಹಿಡಿದಳು. 'ಮೊಣಕಾಲು ನೋಡು' ಅಂದಳು. ಡಾಕ್ಟರ್ ನೋಡಿದರೆ ಮೊಣಕಾಲು ಚೆನ್ನಾಗಿಯೇ ಇತ್ತು. ಸೊರಗಿದ್ದು ತೊಡೆಯ ಸ್ನಾಯು.

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತಾ ಹೋಗುತ್ತದೆ. ಅರವತ್ತರ ನಂತರ ಇನ್ನೂ ಜಾಸ್ತಿ. ತೂಕದ ಯಂತ್ರಕ್ಕೆ ಇದು ಸಿಗುವುದಿಲ್ಲ, ಸ್ನಾಯು ಹೋದ ಜಾಗದಲ್ಲಿ ಕೊಬ್ಬು ಬಂದು ಕೂರುತ್ತದಲ್ಲ! ಊಟದಿಂದ ರಕ್ತಕ್ಕೆ ಬಂದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದೂ ಇದೇ ಸ್ನಾಯು. ಹಾಗಾಗಿ ಸ್ನಾಯು ಸೊರಗಿದರೆ ಬಿದ್ದು ಎಲುಬು ಮುರಿಯುವ ಭಯದ ಜೊತೆಗೆ ಸಕ್ಕರೆ ಕಾಯಿಲೆಯ ಭಯವೂ ಇದೆ.

ಮೊದಲು ಅಳತೆ

ಗಟ್ಟಿಯಾದ ಕುರ್ಚಿಯೊಂದನ್ನು ಗೋಡೆಗೆ ಆನಿಸಿ ಇಡಿ. ಎರಡೂ ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಿ. ಮೊಬೈಲಿನಲ್ಲಿ ಸಮಯ ನೋಡಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕಡಿಮೆಯಾಗಿದೆ ಎಂದು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಗೆರೆ ಹಾಕಿದೆ. ದರ್ಜಿಯ ಟೇಪಿನಿಂದ ಮೀನಖಂಡದ ದಪ್ಪ ಭಾಗವನ್ನೂ ಸುತ್ತಿ ನೋಡಿ. ಗಂಡಸರಿಗೆ 34 ಸೆಂ.ಮೀ., ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ ಬಂದರೆ ಡಾಕ್ಟರ್ ಹತ್ತಿರ ಒಮ್ಮೆ ಮಾತಾಡಿ. ಅವ್ವನಿಗೆ ಕುರ್ಚಿ ಪರೀಕ್ಷೆಯಲ್ಲಿ 16 ಸೆಕೆಂಡು ಹಿಡಿಯಿತು. ಬಂದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ.

ಆಮೇಲೆ ಲೆಕ್ಕ

ಸ್ನಾಯು ಕಟ್ಟುವುದು ಊಟದಲ್ಲಿನ ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ದೊಡ್ಡವರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಇದ್ದರೆ ಒಳ್ಳೆಯದು ಎನ್ನುವ ತಜ್ಞರೇ ಈಗ ಹೆಚ್ಚು. ಅವ್ವನ ತೂಕ 55 ಕೆ.ಜಿ. ಅಂದರೆ ಕನಿಷ್ಠ 55 ಗ್ರಾಂ. (ಕಿಡ್ನಿ ತೊಂದರೆ ಇದ್ದವರು ಮಾತ್ರ ಈ ಲೆಕ್ಕ ಹಿಡಿಯಬೇಡಿ. ಅವರಿಗೆ ಡಾಕ್ಟರ್ ಹೇಳಿದ್ದೇ ಅಳತೆ.)

ಒಂದು ದಿನ ಅವಳು ತಿಂದದ್ದನ್ನೆಲ್ಲ ಬರೆದು ಅದರ ಪ್ರೋಟೀನ್ ಕೂಡಿಸಿದೆ. ಬೆಳಗ್ಗೆ ಉಪ್ಪಿಟ್ಟು, 5 ಗ್ರಾಂ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, 10. ಬದನೆಕಾಯಿ ಪಲ್ಲೆ, 2. ಅನ್ನ, ತಿಳಿ ಸಾರು, 5. ಎರಡು ಹೊತ್ತಿನ ಚಹಾದ ಹಾಲು, 3. ರಾತ್ರಿ ಅನ್ನ, ಮಜ್ಜಿಗೆ, 6. ಒಟ್ಟು 31. ಹೊಟ್ಟೆ ತುಂಬಿದೆ, ಸ್ನಾಯುವಿಗೆ ಮಾತ್ರ ಅರ್ಧ ಊಟ.

ಇದರಲ್ಲಿ ರೊಟ್ಟಿಯ ತಪ್ಪೇನೂ ಇಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಅಷ್ಟೇ ನಾರು ಇದೆ. ನಮ್ಮ ಕಡೆ ಹಿಂದೆ ರೊಟ್ಟಿಯ ಸುತ್ತ ಏನಿರುತ್ತಿತ್ತು ನೆನಪು ಮಾಡಿಕೊಳ್ಳಿ. ಮಡಕಿ ಕಾಳು ಪಲ್ಲೆ, ಝುಣಕ, ಪುಂಡಿ ಪಲ್ಲೆ, ಅಗಸಿ ಚಟ್ನಿ, ಗಟ್ಟಿ ಮೊಸರು, ಹಸಿ ಹಕ್ಕರಕಿ, ಸವತಿಕಾಯಿ, ಉಳ್ಳಾಗಡ್ಡಿ. ಈಗ ಎಷ್ಟೋ ಮನೆಗಳಲ್ಲಿ ರೊಟ್ಟಿಯನ್ನು ಅಂಗಡಿಯಿಂದ ತರುತ್ತೇವೆ, ಪಕ್ಕಕ್ಕೆ ಒಂದೇ ಪಲ್ಲೆ. ಹೊಲದ ಕೆಲಸವೂ ಹೋಯಿತು, ಕಾಳೂ ಹೋಯಿತು.

ಬೆಳಗ್ಗೆ

ಅವಲಕ್ಕಿಯೋ ಸೂಸಲವೋ ಇರಲಿ, ಬಿಡಬೇಕಿಲ್ಲ. ಮೇಲೆ ಒಂದು ಮುಷ್ಟಿ ಮೊಳಕೆ ಹೆಸರು ಕಾಳು, ಸ್ವಲ್ಪ ಹುರಿದ ಶೇಂಗಾ ಹಾಕಿ, ನಿಂಬೆಹಣ್ಣು ಹಿಂಡಿ. ನಿಂಬೆ ರುಚಿಗಷ್ಟೇ ಅಲ್ಲ, ಕಾಳಿನ ಕಬ್ಬಿಣ ಮೈಗೆ ಹತ್ತಲೂ ಅದು ಬೇಕು. ತಿನ್ನುವವರಾದರೆ ಒಂದು ಮೊಟ್ಟೆ, 6 ಗ್ರಾಂ. ಚಹಾ ಮಾತ್ರ ತಿಂಡಿಯ ಜೊತೆಗೆ ಬೇಡ, ಒಂದು ತಾಸು ಬಿಟ್ಟು ಕುಡಿಯಿರಿ. ಚಹಾ ಕಬ್ಬಿಣವನ್ನು ಹತ್ತಗೊಡುವುದಿಲ್ಲ. ನಮ್ಮ ಮನೆಯಲ್ಲಿ ದೊಡ್ಡ ಜಗಳ ಆಗಿದ್ದು ಈ ಒಂದು ವಿಷಯಕ್ಕೆ.

ಮಧ್ಯಾಹ್ನ

ಹಿಂದಿನ ರಾತ್ರಿಯೇ ಕಾಳು ನೆನೆ ಹಾಕಿ. ಒಬ್ಬರಿಗೆ 30 ಗ್ರಾಂ ಒಣ ಕಾಳು, ಅಂದರೆ ಒಂದು ಮುಷ್ಟಿ ಸಾಕು, 7 ಗ್ರಾಂ ಪ್ರೋಟೀನ್ ಬಂತು. ತಟ್ಟೆಗೆ ಮೊದಲು ಹಸಿ ತರಕಾರಿ ಬಡಿಸಿ, ಆಮೇಲೆ ಕಾಳು ಪಲ್ಲೆ, ಮೊಸರು. ರೊಟ್ಟಿ, ಅನ್ನ ಕೊನೆಗೆ. ತರಕಾರಿ ಮತ್ತು ಕಾಳನ್ನು ಮೊದಲು ತಿಂದರೆ ಊಟದ ನಂತರ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಹಲ್ಲು ಸೋತವರು ಕಡಕ್ ರೊಟ್ಟಿಯನ್ನು ಪಲ್ಲೆಯ ರಸದಲ್ಲಿ ನೆನೆಸಿ ತಿನ್ನಲಿ, ಇಲ್ಲವೇ ಜೋಳದ ನುಚ್ಚು ಮಾಡಿ ಮಜ್ಜಿಗೆ ಕಲಸಿ. ಹಲ್ಲಿಲ್ಲ ಎಂದು ಬರೀ ಅನ್ನಕ್ಕೆ ಇಳಿಯುವುದೇ ಅನೇಕ ಅಜ್ಜ-ಅಜ್ಜಿಯರು ಸೊರಗಲು ಕಾರಣ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ ತಟ್ಟೆಯಲ್ಲಿ 2,000 ಕ್ಯಾಲೊರಿಯ ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ. ಧಾನ್ಯಕ್ಕಿಂತ ತರಕಾರಿ ಜಾಸ್ತಿ! ನಾವು ಮಾಡುವುದು ಪೂರ್ತಿ ಉಲ್ಟಾ ಅಲ್ವಾ? ಜನತಾ ಬಜಾರಿಗೋ ಧಾರವಾಡದ ಸೂಪರ್ ಮಾರ್ಕೆಟ್ಟಿಗೋ ಹೋದಾಗ ಚೀಲದಲ್ಲಿ ಮೊದಲು ಸೊಪ್ಪು ಬೀಳಲಿ.

ಅಗಸಿ ಚಟ್ನಿಯ ಬಗ್ಗೆ ಒಂದು ಮಾತು. ಅಗಸಿಯಲ್ಲಿ ಒಮೆಗಾ-3 ಎಂಬ ಒಳ್ಳೆಯ ಕೊಬ್ಬಿದೆ. ಇಡೀ ಬೀಜ ನುಂಗಿದರೆ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ, ಕುಟ್ಟಿ ಪುಡಿ ಮಾಡಿದರೇ ಉಪಯೋಗ. ನಮ್ಮ ಹಿರಿಯರು ಕುಟ್ಟಿಯೇ ತಿನ್ನುತ್ತಿದ್ದರು.

ನಾಲ್ಕು ಗಂಟೆಗೆ

ಮಿರ್ಚಿ, ಗಿರ್ಮಿಟ್ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಗಿರ್ಮಿಟ್ಟನ್ನು ಮನೆಯಲ್ಲೇ ಮಾಡಿ ಪುಟಾಣಿ ಹಿಟ್ಟು ಧಾರಾಳವಾಗಿ ಹಾಕಿ. ಮಿರ್ಚಿ ವಾರಕ್ಕೊಮ್ಮೆ ಇರಲಿ, ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯದ ಕಡೆ ತಿನ್ನಿ. ಉಳಿದ ದಿನ ಒಂದು ಮುಷ್ಟಿ ಶೇಂಗಾ ಸಾಕು.

ಉಪ್ಪು ಮಾತ್ರ ನಮ್ಮ ಊಟದ ನಿಜವಾದ ತೊಂದರೆ. ದಿನಕ್ಕೆ 5 ಗ್ರಾಂ, ಒಂದು ಚಹಾ ಚಮಚದಷ್ಟು, ಅದಕ್ಕಿಂತ ಹೆಚ್ಚು ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸವಣೂರು ಖಾರಾ ಎಲ್ಲ ಸೇರಿದರೆ ಅದು ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹೆಚ್ಚು ಹಾಕಿ, ಉಪ್ಪು ಇಳಿಸಿ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಎರಡು ವಾರದಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ.

ರಾತ್ರಿ

ಅನ್ನ-ಮಜ್ಜಿಗೆಯ ಮೊದಲು ಒಂದು ಬಟ್ಟಲು ಗಟ್ಟಿ ಬೇಳೆ ಕಟ್ಟು, ಮಲಗುವ ಮೊದಲು ಒಂದು ಲೋಟ ಹಾಲು. ಇಷ್ಟಾದರೆ 55 ದಾಟುತ್ತದೆ. ಶುದ್ಧ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿಕೊಳ್ಳಿ. ವಯಸ್ಸಾದಂತೆ ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾಗಿ ಊಟದಲ್ಲಿನ ಬಿ12 ಸರಿಯಾಗಿ ಹತ್ತುವುದಿಲ್ಲ. ಬಿ12 ಕಡಿಮೆಯಾದರೂ ಕೈಕಾಲು ಜೋಮು, ಮರೆವು ಬರಬಹುದು, ಸುಮ್ನೆ ವಯಸ್ಸಿನ ಮೇಲೆ ಹಾಕುವುದು ಬೇಡ.

ಬರೀ ತಿಂದರೆ ಸ್ನಾಯು ಬರುವುದಿಲ್ಲ, ಅದಕ್ಕೆ ಕೆಲಸ ಕೊಡಬೇಕು. ಪರೀಕ್ಷೆಗೆ ಇಟ್ಟ ಕುರ್ಚಿಯಲ್ಲೇ ಬೆಳಗ್ಗೆ ಹತ್ತು, ಸಂಜೆ ಹತ್ತು ಸಲ ಎದ್ದು ಕೂರಿ. ಊಟವಾದ ಮೇಲೆ ಹತ್ತು ನಿಮಿಷ ಓಣಿಯಲ್ಲಿ ಅಡ್ಡಾಡಿ.

'ಈ ವಯಸ್ಸಿನಾಗ ಏನ್ ಉಪಯೋಗ' ಎಂದು ಅವ್ವ ಕೇಳಿದ್ದಳು. ನಾರ್ವೆಯ ಸಂಶೋಧಕರು 2022ರಲ್ಲಿ ಪಾಶ್ಚಾತ್ಯರ ಊಟದ ಮೇಲೆ ಒಂದು ಅಂದಾಜು ಹಾಕಿದರು. ಅರವತ್ತರಲ್ಲಿ ಊಟ ಸರಿಮಾಡಿಕೊಂಡರೂ ಸುಮಾರು ಎಂಟು ವರ್ಷ ಆಯಸ್ಸು ಸೇರಬಹುದು ಅಂದರು. ಹೆಚ್ಚು ಲಾಭ ಯಾವುದರಿಂದ ಗೊತ್ತೇ? ಕಾಳು, ಇಡೀ ಧಾನ್ಯ, ಬಾದಾಮಿಯಂಥ ಬೀಜಗಳು. ಅವ್ವನಿಗೆ ಇದನ್ನು ಓದಿ ಹೇಳಿದೆ. 'ಅಂದ್ರ ನಮ್ಮ ರೊಟ್ಟಿ, ಕಾಳು, ಶೇಂಗಾ ಹಿಂಡಿನ ಅಲ್ಲೇನು?' ಅಂದಳು.

ನಾಲ್ಕು ತಿಂಗಳಾಯಿತು. 16 ಸೆಕೆಂಡು ಈಗ 13ಕ್ಕೆ ಇಳಿದಿದೆ. 12ರ ಒಳಗೆ ಬಂದ ದಿನ ರಾತ್ರಿಯ ಬೇಳೆ ಕಟ್ಟು ಬಿಡುತ್ತೇನೆ ಎಂದು ಅವಳು ಈಗಲೇ ಷರತ್ತು ಹಾಕಿದ್ದಾಳೆ. ನಾನಿನ್ನೂ ಒಪ್ಪಿಲ್ಲ.