ಅಂತ್ಯಕಾಲದ ಪ್ರವಾದನೆ ಓದುವುದು ಹೇಗೆ: ಮೊದಲು ಯಾರಿಗೆ ಹೇಳಿದ್ದು ಅಂತ ನೋಡಿ

ಬೀದರ್ ಜಿಲ್ಲೆಯಲ್ಲಿ ಸಭೆಗೆ (ಚರ್ಚಿಗೆ) ಹೋಗುವ ಮನೆಗಳು ಜಾಸ್ತಿ, ಹಾಗಾಗಿ ಎಲ್ಲೋ ಭೂಕಂಪ ಆದರೂ, ಇಸ್ರೇಲ್ ಕಡೆ ಯುದ್ಧ ಶುರುವಾದರೂ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಅರ್ಧ ಗಂಟೆಯೊಳಗೆ ಬೈಬಲಿನ ಮತ್ತಾಯ 24, ಅಂದರೆ ಅಂತ್ಯಕಾಲದ ಬಗ್ಗೆ ಯೇಸು ಹೇಳಿದ ಅಧ್ಯಾಯ, ಬಂದು ಬೀಳುತ್ತದೆ. ಕೋವಿಡ್ ಲಸಿಕೆ ಬಂದಾಗ ಪ್ರಕಟನೆ ಪುಸ್ತಕದಲ್ಲಿರುವ ಮೃಗದ ಗುರುತು ಇದೇ ಅಂದರು. ಅದಕ್ಕೂ ಮುಂಚೆ ಬಾರ್‌ಕೋಡ್ ಅಂದಿದ್ದರು. ಒಂದು ಮನೆ ಪ್ರಾರ್ಥನೆಯಲ್ಲಿ ಒಬ್ಬ ಹುಡುಗ, "ಕರ್ತನು ಬರೋ ಕಾಲ ಬಂತಲ್ಲ, ಇನ್ನ ಡಿಗ್ರಿ ಫಾರ್ಮ್ ತುಂಬಿ ಏನು ಮಾಡೋದು?" ಅಂತ ಕೇಳಿದ. ಅವನು ತಮಾಷೆಗೆ ಕೇಳಿರಲಿಲ್ಲ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಈ ಅಧ್ಯಾಯಗಳನ್ನು ಹೆದರದೆ, ನಿಧಾನಕ್ಕೆ, ಪ್ರಾಮಾಣಿಕವಾಗಿ ಓದುವ ದಾರಿ ಒಂದಿದೆ.

"ಯಾವಾಗ?" ಅನ್ನುವ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲು "ಯಾರಿಗೆ?" ಅಂತ ಕೇಳಿ.

ಬೈಬಲಿನ ಕೊನೆಯ ಪುಸ್ತಕವಾದ, ಯೋಹಾನ ಬರೆದ ಪ್ರಕಟನೆಯಿಂದಲೇ ನೋಡೋಣ. ನಾವು ಸೀದಾ 13ನೇ ಅಧ್ಯಾಯಕ್ಕೆ ಹೋಗಿ ಮೃಗದ ಮುಂದೆ ನಿಂತುಬಿಡುತ್ತೇವೆ, ಆದರೆ 1ನೇ ಅಧ್ಯಾಯದಲ್ಲಿ ವಿಳಾಸವನ್ನೇ ಬರೆದಿದ್ದಾರೆ. ಆಸ್ಯ ಸೀಮೆಯ ಏಳು ಸಭೆಗಳಿಗೆ. ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಏಳೂ ಈಗಿನ ಟರ್ಕಿ ದೇಶದಲ್ಲಿದ್ದ ನಿಜವಾದ ಊರುಗಳು. ಒಬ್ಬರು ಓದುವುದು, ಮಿಕ್ಕವರು ಕೂತು ಕೇಳುವುದು, ಅದಕ್ಕೇ ಬರೆದದ್ದು ಅಂತ 1:3ರಲ್ಲಿದೆ. ಸಮಯ ಹತ್ತಿರವಾಗಿದೆ ಅನ್ನುವ ಮಾತೂ ಅಲ್ಲೇ ಇದೆ. ಹಳೆ ಒಡಂಬಡಿಕೆಯ ದಾನಿಯೇಲನಿಗೆ ಅವನ ಪುಸ್ತಕದ 12ನೇ ಅಧ್ಯಾಯದಲ್ಲಿ ಪುಸ್ತಕಕ್ಕೆ ಮುದ್ರೆ ಹಾಕಿ ಮುಚ್ಚಿಡು ಎಂದು ಹೇಳಿದ್ದರೆ, ಯೋಹಾನನಿಗೆ ಕೊನೆಯ ಅಧ್ಯಾಯದಲ್ಲಿ ಮುದ್ರೆ ಹಾಕಬೇಡ, ಸಮಯ ಹತ್ತಿರವಿದೆ ಎಂದು ಹೇಳಿದೆ. ಇವೆರಡನ್ನೂ ಒಟ್ಟಿಗೆ ಓದಿ. ಅವತ್ತು ಸ್ಮುರ್ನದಲ್ಲಿ ಕೂತು ಕೇಳಿದವರಿಗೆ ಏನೂ ಅರ್ಥವಾಗದೆ, ಎರಡು ಸಾವಿರ ವರ್ಷ ಆದ ಮೇಲೆ ನಮಗೆ ಮಾತ್ರ ಅರ್ಥವಾಗಲಿ ಅಂತ ಇದನ್ನು ಬರೆದರು ಅನ್ನುವುದನ್ನು ನಾನಂತೂ ಒಪ್ಪಲಾರೆ.

ಲವೊದಿಕೀಯದವರಿಗೆ ಬರೆದ ಭಾಗ ನೋಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ನೀನು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಉಗುರುಬೆಚ್ಚಗಿದ್ದೀ, ನಿನ್ನನ್ನು ಉಗುಳುತ್ತೇನೆ ಅನ್ನುತ್ತಾನೆ ಕರ್ತನು. ಆ ಊರಿನ ಹತ್ತಿರವೇ ಹಿಯರಾಪೊಲಿ ಇದೆ, ಅಲ್ಲಿ ಬಿಸಿನೀರಿನ ಬುಗ್ಗೆಗಳು, ಇವತ್ತಿಗೂ ಜನ ಹೋಗುತ್ತಾರೆ. ಇನ್ನೊಂದು ಕಡೆ ಕೊಲೊಸ್ಸೆ, ಅಲ್ಲಿ ತಣ್ಣನೆಯ ಹೊಳೆ ನೀರು. ಲವೊದಿಕೀಯಕ್ಕೆ ಮಾತ್ರ ದೂರದಿಂದ ಕೊಳವೆಯಲ್ಲಿ ನೀರು ತರಬೇಕಿತ್ತು. ಮುಂದಿನ ವಚನದಲ್ಲಿ, ನಾನು ಐಶ್ವರ್ಯವಂತ, ನನಗೇನೂ ಕೊರತೆಯಿಲ್ಲ ಅನ್ನುತ್ತೀಯಲ್ಲಾ ಅಂತ ಚುಚ್ಚುತ್ತಾನೆ. ಸುಮಾರು ಕ್ರಿ.ಶ. 60ರಲ್ಲಿ ಭೂಕಂಪಕ್ಕೆ ಊರು ಬಿದ್ದಾಗ ರೋಮ್ ಸರಕಾರದ ಸಹಾಯವಿಲ್ಲದೆ ತಮ್ಮ ದುಡ್ಡಲ್ಲೇ ಮತ್ತೆ ಕಟ್ಟಿಕೊಂಡ ಜನ ಅವರು, ಟ್ಯಾಸಿಟಸ್ ಎಂಬ ರೋಮನ್ ಇತಿಹಾಸಕಾರ ಇದನ್ನು ಬರೆದಿಟ್ಟಿದ್ದಾನೆ. ಪತ್ರ ಓದಿದಾಗ ಅವರ ಎದೆಗೆ ಹೇಗೆ ನಾಟಿರಬೇಕು, ಯೋಚಿಸಿ.

ಈಗ ಮಾರ್ಕ 13. ಮತ್ತಾಯ 24ರ ಬದಲು ಇಲ್ಲಿಂದ ಶುರು ಮಾಡಿ, ವಿಷಯ ಅದೇ, ಚಿಕ್ಕದಾಗಿದೆ. ಶಿಷ್ಯರಲ್ಲಿ ಒಬ್ಬ ಯೆರೂಸಲೇಮಿನ ದೇವಾಲಯದ ದೊಡ್ಡ ದೊಡ್ಡ ಕಲ್ಲುಗಳನ್ನು ತೋರಿಸುತ್ತಾನೆ. ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅನ್ನುತ್ತಾನೆ ಯೇಸು. ಆಮೇಲೆ ಎಣ್ಣೆಮರಗಳ ಗುಡ್ಡದಲ್ಲಿ ಪೇತ್ರ, ಯಾಕೋಬ, ಯೋಹಾನ, ಅಂದ್ರೆಯ ನಾಲ್ಕೇ ಜನ ಪಕ್ಕಕ್ಕೆ ಬಂದು ಇದು ಯಾವಾಗ ಆಗುತ್ತದೆ ಅಂತ ಕೇಳುತ್ತಾರೆ. ಮುಂದಿನದೆಲ್ಲ ಆ ಪ್ರಶ್ನೆಗೆ ಕೊಟ್ಟ ಉತ್ತರ. ಒಂದು ಪೆನ್ಸಿಲ್ ತಗೊಂಡು "ನೀವು", "ನಿಮ್ಮನ್ನು" ಅಂತ ಬಂದಲ್ಲೆಲ್ಲ ಗೆರೆ ಎಳೆಯಿರಿ. ಸಭಾಮಂದಿರಗಳಲ್ಲಿ ನಿಮ್ಮನ್ನು ಹೊಡೆಯುವರು ಅಂತ 9ನೇ ವಚನದಲ್ಲಿದೆ. ಯೆಹೂದ್ಯರ ಸಭಾಮಂದಿರದಲ್ಲಿ ಹುಮನಾಬಾದಿನವರನ್ನೋ ಭಾಲ್ಕಿಯವರನ್ನೋ ಯಾರು ಹೊಡೆಯುತ್ತಾರೆ? ಹೊಡೆಸಿಕೊಂಡವರು ಆ ಕಾಲದ ವಿಶ್ವಾಸಿಗಳೇ, ಅಪೊಸ್ತಲರ ಕೃತ್ಯಗಳಲ್ಲಿ ಮತ್ತು ಪೌಲನ ಪತ್ರಗಳಲ್ಲಿ ಅಂಥ ಏಟುಗಳ ಲೆಕ್ಕವೇ ಇದೆ.

ಇನ್ನೂ ಒಂದು ವಚನ. ಮಾಳಿಗೆಯ ಮೇಲಿರುವವನು ಕೆಳಗಿಳಿದು ಮನೆಯೊಳಗೆ ಹೋಗಿ ಏನನ್ನೂ ತರದಿರಲಿ. ನಮ್ಮ ಔರಾದ್, ಭಾಲ್ಕಿ ಕಡೆಯ ಹಳೆ ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇಸಿಗೆಯಲ್ಲಿ ಹಾಸಿಗೆ ಹಾಸುವ, ಕಾಳು ಒಣಹಾಕುವ ಜಾಗ ಅದು. ಯೆರೂಸಲೇಮ್ ಇರುವ ಯೂದಾಯ ಸೀಮೆಯ ಮನೆಗಳೂ ಹಾಗೇ ಇದ್ದವು. ಯೂದಾಯದಲ್ಲಿರುವವರು ಬೆಟ್ಟಗಳಿಗೆ ಓಡಲಿ, ಚಳಿಗಾಲದಲ್ಲಿ ಆಗದಂತೆ ಪ್ರಾರ್ಥಿಸಿರಿ ಅಂತಲೂ ಇದೆ. ಇಡೀ ಲೋಕವೇ ಮುಗಿಯುವುದಾದರೆ ಬೆಟ್ಟಕ್ಕೆ ಓಡಿ ಏನು ಉಪಯೋಗ? ಚಳಿಗಾಲವಾದರೇನು, ಬೇಸಿಗೆಯಾದರೇನು? ಇದು ಒಂದು ಊರಿನ ಮೇಲೆ ಬರುವ ಸೈನ್ಯದಿಂದ ಜೀವ ಉಳಿಸಿಕೊಳ್ಳುವ ದಾರಿ. ಲೂಕ 21:20 ಇದನ್ನು ನೇರವಾಗಿಯೇ ಹೇಳುತ್ತದೆ: ಯೆರೂಸಲೇಮನ್ನು ದಂಡುಗಳು ಸುತ್ತಿಕೊಂಡಾಗ ಅದರ ಹಾಳು ಹತ್ತಿರವಾಯಿತೆಂದು ತಿಳಿಯಿರಿ. ಕ್ರಿ.ಶ. 66ರಲ್ಲಿ ರೋಮ್ ವಿರುದ್ಧ ಯೆಹೂದ್ಯರ ದಂಗೆ ಎದ್ದಿತು, 70ರಲ್ಲಿ ರೋಮನ್ ಸೇನಾಪತಿ ಟೈಟಸ್‌ನ ಸೈನ್ಯ ಊರನ್ನೂ ದೇವಾಲಯವನ್ನೂ ನೆಲಸಮ ಮಾಡಿತು. ವಿಶ್ವಾಸಿಗಳು ಯುದ್ಧಕ್ಕೆ ಮುಂಚೆಯೇ ಯೊರ್ದನಿನ ಆಚೆ ಪೆಲ್ಲ ಎಂಬ ಊರಿಗೆ ಹೋದರು ಅಂತ ನಾಲ್ಕನೇ ಶತಮಾನದ ಸಭಾ ಇತಿಹಾಸಕಾರ ಯುಸೇಬಿಯಸ್ ಬರೆಯುತ್ತಾನೆ. (ಪಶ್ಚಿಮದ ಗೋಡೆ ಇನ್ನೂ ನಿಂತಿದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ದೇವಾಲಯದ ಗೋಡೆಯಲ್ಲ, ಅದರ ಕೆಳಗಿನ ಜಗತಿಗೆ ಕಟ್ಟಿದ ಆಸರೆ ಗೋಡೆ.) ಈ ತಲೆಮಾರು ದಾಟುವುದರೊಳಗೆ ಅಂತ ಯೇಸು ಹೇಳಿದ್ದು ಸುಮಾರು ನಲವತ್ತು ವರ್ಷಕ್ಕೇ ಆಯಿತು.

ಹಾಗಾದರೆ ಅದೇ ಮಾರ್ಕ 13ರಲ್ಲಿರುವ ಸೂರ್ಯ ಕತ್ತಲಾಗುವುದು, ನಕ್ಷತ್ರ ಬೀಳುವುದು? ಇಲ್ಲೇ ಜಾಸ್ತಿ ಜನ ಮುಗ್ಗರಿಸುವುದು. ಹೊಸ ಒಡಂಬಡಿಕೆಯಲ್ಲಿ ಇಂಥ ಮಾತು ಸಿಕ್ಕಾಗ ಹಳೆ ಒಡಂಬಡಿಕೆಯಲ್ಲಿ ಎಲ್ಲಿದೆ ಅಂತ ಹುಡುಕಿ, ಅಡಿಟಿಪ್ಪಣಿಯಲ್ಲೇ ಸಿಗುತ್ತದೆ. ಯೆಶಾಯ 13ರಲ್ಲಿ ನಕ್ಷತ್ರಗಳು ಬೆಳಕು ಕೊಡವು, ಸೂರ್ಯ ಕಪ್ಪಾಗುವನು ಅಂತಿದೆ, ಅದೇ ಅಧ್ಯಾಯದ ಮೊದಲ ಸಾಲಿನಲ್ಲಿ ಇದು ಬಾಬೆಲಿನ (ಬ್ಯಾಬಿಲೋನಿನ) ವಿಷಯ ಅಂತಲೂ ಇದೆ. ಬಾಬೆಲ್ ಕ್ರಿ.ಪೂ. 539ರಲ್ಲಿ ಪಾರಸಿಯರ ಕೈಗೆ ಬಿತ್ತು, ಸೂರ್ಯ ಮರುದಿನವೂ ಹುಟ್ಟಿದ. ಯೆಹೆಜ್ಕೇಲ 32ರಲ್ಲಿ ಐಗುಪ್ತದ (ಈಜಿಪ್ಟಿನ) ಫರೋಹನಿಗೂ ಇದೇ ಭಾಷೆ. ರಾಜ್ಯ ಬೀಳುವುದನ್ನು ಪ್ರವಾದಿಗಳು ಹೀಗೆ ಹೇಳುತ್ತಿದ್ದರು, ಕೇಳುವವರಿಗೂ ಅದು ಗೊತ್ತಿತ್ತು.

ಪ್ರಕಟನೆ 13ರಲ್ಲಿ ಮೃಗದ ಸಂಖ್ಯೆ ಅಂತ ಬರುವ 666ರ ಬಗ್ಗೆ ಎರಡೇ ಮಾತು. ಬುದ್ಧಿಯುಳ್ಳವನು ಎಣಿಸಲಿ ಅಂದಿದ್ದಾನೆ ಯೋಹಾನ, ಅಂದರೆ ಅವತ್ತಿನ ಓದುಗರಿಗೆ ಎಣಿಸಲು ಸಾಧ್ಯವಿತ್ತು. ಹೀಬ್ರೂ ಅಕ್ಷರಗಳಿಗೆ ಸಂಖ್ಯೆಯ ಬೆಲೆ ಇದೆ, ರೋಮ್ ಚಕ್ರವರ್ತಿ ನೀರೊ ಕೈಸರನ ಹೆಸರು ಕೂಡಿಸಿದರೆ 666, ಲ್ಯಾಟಿನ್ ರೂಪದಂತೆ ಬರೆದರೆ 616. ಕೆಲವು ಹಳೆಯ ಪ್ರತಿಗಳಲ್ಲಿ 616 ಅಂತಲೇ ಇದೆ. ಲಸಿಕೆಯ ಸೂಜಿಗೂ ಇದಕ್ಕೂ ಸಂಬಂಧವಿಲ್ಲ.

ಇಷ್ಟು ಓದಿದ ಮೇಲೆ ಇನ್ನೊಂದು ಕಡೆಗೆ ಜಾರಬೇಡಿ. ಎಲ್ಲಾ 70ರಲ್ಲೇ ಮುಗಿಯಿತು, ಪುನರುತ್ಥಾನವೂ ಆಗಿಹೋಯಿತು ಅನ್ನುವವರು ಇದ್ದಾರೆ. 2 ತಿಮೊಥೆಯ 2ರಲ್ಲಿ ಪೌಲ ಅಂಥದ್ದೇ ಮಾತಾಡಿದವರನ್ನು ಗದರಿದ್ದಾನೆ. 1 ಕೊರಿಂಥ 15ರಲ್ಲಿ ಸಾವು ಕೊನೆಯ ಶತ್ರು, ಅದಿನ್ನೂ ಸೋಲಬೇಕು. ಆತನು ಹೋದ ರೀತಿಯಲ್ಲೇ ಬರುವನು ಅನ್ನುವ ಅಪೊಸ್ತಲರ ಕೃತ್ಯಗಳ 1:11 ನನಗೆ ಈಗಲೂ ಇನ್ನು ಮುಂದೆ ಆಗಬೇಕಾದ ಮಾತೇ. ಪ್ರಕಟನೆ ಬರೆದದ್ದು ನೀರೊ ಕಾಲದಲ್ಲೋ, ಸುಮಾರು 95ರಲ್ಲಿ ಡೊಮಿಷಿಯನ್ ಚಕ್ರವರ್ತಿಯ ಕಾಲದಲ್ಲೋ ಅನ್ನುವುದರಲ್ಲೂ ಪಂಡಿತರಲ್ಲಿ ಜಗಳವಿದೆ. ಹಾಗಾಗಿ ಯಾವುದು ಅವರಿಗೆ ಆಗಿಹೋಯಿತು, ಯಾವುದು ಇನ್ನೂ ಬಾಕಿ ಅಂತ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ನೋಡಬೇಕು, ಇಡೀ ಪುಸ್ತಕವನ್ನು ಒಂದೇ ಚೀಲಕ್ಕೆ ತುಂಬಬಾರದು.

"ಅವರಿಗೆ ಬರೆದದ್ದಾದರೆ ನಮಗೇನು?" ಅಂತ ಹಿರಿಯರು ಕೇಳಿಯೇ ಕೇಳುತ್ತಾರೆ. ಆಗ ಯೆರೆಮೀಯ 28 ಮತ್ತು 29 ಓದಿ ತೋರಿಸಿ. ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂದ, ಜನರಿಗೆ ಇಷ್ಟವಾಗುವ ಮಾತು. ಯೆರೆಮೀಯ ಮಾತ್ರ ಬಾಬೆಲಿಗೆ ಸೆರೆಹೋದವರಿಗೆ ಪತ್ರ ಬರೆದು, ಎಪ್ಪತ್ತು ವರ್ಷ ಆಗುತ್ತದೆ, ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣಕ್ಕೆ ಒಳ್ಳೆಯದನ್ನು ಬಯಸಿ ಅಂದ. ಆ ಪತ್ರ ನಮ್ಮ ಹೆಸರಿಗೆ ಬಂದದ್ದಲ್ಲ. ಆದರೂ ದಿನಾಂಕ ಹೇಳಿ ಹೆದರಿಸುವವರ ಮಧ್ಯೆ ಹೇಗೆ ಬದುಕಬೇಕು ಅಂತ ಅದರಷ್ಟು ಚೆನ್ನಾಗಿ ಯಾವುದೂ ಕಲಿಸುವುದಿಲ್ಲ. ಫಾರ್ಮ್ ತುಂಬದ ಹುಡುಗನಿಗೆ ನಾನು ಓದಿಸಿದ್ದೂ ಇದನ್ನೇ.

ಯಾರಾದರೂ ದಿನಾಂಕ ಹೇಳಿದರೆ ಮಾರ್ಕ 13:32 ತೆಗೆಯಿರಿ, ಆ ದಿನ ಮಗನಿಗೂ (ಅಂದರೆ ಯೇಸುವಿಗೂ) ತಿಳಿಯದು ಅಂತಿದೆ. 1844ರ ಅಕ್ಟೋಬರ್ 22ಕ್ಕೆ ಅಂತ ಅಮೆರಿಕದಲ್ಲಿ ಸಾವಿರಾರು ಜನ ಕಾದರು, 2011ರ ಮೇ 21ಕ್ಕೆ ಅಂತ ಇನ್ನೊಮ್ಮೆ ಸಾರಿದರು. ಎರಡೂ ದಿನ ಸುಮ್ನೆ ದಾಟಿದವು.

ಯೂತ್ ಗ್ರೂಪಿನಲ್ಲಿ ಇದನ್ನು ಮಾಡುವುದಾದರೆ ಪ್ರಕಟನೆಯಿಂದ ಶುರು ಮಾಡಬೇಡಿ. ದಾನಿಯೇಲ 8 ತಗೊಳ್ಳಿ, ಅಲ್ಲಿ ಟಗರು ಮೇದ್ಯ ಮತ್ತು ಪಾರಸಿಯ, ಹೋತ ಗ್ರೀಸ್ ಅಂತ ದೇವದೂತನೇ ಅರ್ಥ ಹೇಳಿಬಿಡುತ್ತಾನೆ. ಅದಾದ ಮೇಲೆ ಮಾರ್ಕ 13, ಆಮೇಲೆ ಪ್ರಕಟನೆಯ ಮೊದಲ ಮೂರು ಅಧ್ಯಾಯ. ಒಬ್ಬರು ಪೂರ್ತಿ ಅಧ್ಯಾಯವನ್ನು ಜೋರಾಗಿ ಓದಲಿ, ಮಿಕ್ಕವರು ಸತ್ಯವೇದ ಮುಚ್ಚಿ ಕೇಳಲಿ, ಮೊಬೈಲ್ ದೂರ ಇರಲಿ. ಓದು ಮುಗಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: ಅವತ್ತು ಆ ಊರಲ್ಲಿ ಕೂತು ಕೇಳಿದವರು ಮನೆಗೆ ಹೋಗಿ ಏನು ಮಾಡಿರಬಹುದು?