ಹರಿಹರ ‘ಹರಹರ’ ಆಗಿದ್ದು: ಊರಿನ ಸುದ್ದಿಗೆ ಟ್ಯಾಗ್ ಹಾಕಿದ ನನ್ನ ಅನುಭವ

ದಾವಣಗೆರೆಯ ಒಂದು ಸಣ್ಣ ವಾರಪತ್ರಿಕೆಯಲ್ಲಿ ವೆಬ್ ಕೆಲಸ ನನ್ನದು. ಹಳೆ ಸಂಚಿಕೆಗಳನ್ನು ಇಂಟರ್ನೆಟ್ಟಿಗೆ ಏರಿಸುತ್ತೇನೆ. ಪ್ರತಿ ಬರಹಕ್ಕೂ ಊರು, ವ್ಯಕ್ತಿ, ಸಂಸ್ಥೆ, ಬೆಳೆ ಅಂತ ಟ್ಯಾಗ್ ಹಾಕುತ್ತೇನೆ. ಸುಮ್ನೆ ಪದ ಅಂಟಿಸಿದರೆ ಆಗಲ್ಲ. ಬರಹದಲ್ಲಿ ‘ಹರಿಹರ’ ಅಂತ ಬಂದರೆ ಅದು ನಮ್ಮ ಪಕ್ಕದ ಊರೋ, ವಿಜಯನಗರದ ದೊರೆಯೋ, ರಗಳೆ ಬರೆದ ಕವಿಯೋ ಅನ್ನುವುದು ಯಂತ್ರಕ್ಕೂ ತಿಳಿಯಬೇಕು.

ಇದಕ್ಕೆ ಸಾಧನಗಳು ಬಹಳ ದಿನದಿಂದ ಇವೆ. ರಾಯಿಟರ್ಸ್‌ನವರ ಓಪನ್‌ಕ್ಯಾಲೆ 2008ರಲ್ಲೇ ಬಂತು. ಅದು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಓದುತ್ತಿತ್ತು, ನಮಗೆ ಉಪಯೋಗವಿಲ್ಲ. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ಸ್ಕೀಮಾ ಡಾಟ್ ಆರ್ಗ್ ಶುರು ಮಾಡಿದವು. ಪುಟದ ಒಳಗೆ ‘ಇದು ಊರು, ಇದು ವ್ಯಕ್ತಿ’ ಅಂತ ಬರೆದಿಡಲು ಎಲ್ಲರೂ ಒಪ್ಪುವ ಒಂದು ಪದ್ಧತಿ ಸಿಕ್ಕಿತು. 2012ರಲ್ಲಿ ವಿಕಿಪೀಡಿಯದ ಬಳಗದ ಮಾಹಿತಿ ಕಣಜ ವಿಕಿಡೇಟಾ ಬಂತು. ಅಲ್ಲಿ ಊರಿಗೂ ರಾಜ್ಯಕ್ಕೂ ಒಂದೊಂದು ನಂಬರ್. ಕರ್ನಾಟಕದ್ದು ಕ್ಯೂ 1185. ಹೆಸರು ಯಾವ ಭಾಷೆಯಲ್ಲಿದ್ದರೂ ನಂಬರ್ ಒಂದೇ. ನನ್ನ ಕೆಲಸ ನಿಂತಿರುವುದು ಇವೆರಡರ ಮೇಲೆ. ಬರಹದಿಂದ ಹೆಸರನ್ನು ಹೆಕ್ಕಿ ಕೊಡುವ ಸಾಧನ ಮಾತ್ರ ಆಗಾಗ ಬದಲಾಗುತ್ತದೆ. ತಲೆನೋವು ಅಲ್ಲೇ.

ಮೊದಲು ಸರಳವಾಗಿ ಶುರು ಮಾಡಿದೆ. ಯಾವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಲು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಸೈಕಿಟ್-ಲರ್ನ್ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಬಳಸಿದೆ. ಪಟ್ಟಿಯಲ್ಲಿ ಮೇಲೆ ಬಂದ ಪದ ‘ವಣಗ’. ಇದ್ಯಾವ ಊರಪ್ಪಾ ಅಂತ ನೋಡಿದರೆ, ಅದು ದಾವಣಗೆರೆ! ಸೈಕಿಟ್-ಲರ್ನ್ ಪದ ಒಡೆಯಲು ಬಳಸುವ ಪೈಥಾನ್‌ನ ಮಾಮೂಲಿ ‘ಆರ್‌ಇ’ ಲೈಬ್ರರಿಗೆ ಕನ್ನಡದ ಸ್ವರಚಿಹ್ನೆಗಳು ಅಕ್ಷರವೇ ಅಲ್ಲ. ದೀರ್ಘ ಬಂದಲ್ಲಿ, ಎತ್ವ ಬಂದಲ್ಲಿ ಪದ ಮುಗಿಯಿತು ಅಂತ ಕತ್ತರಿಸುತ್ತದೆ. ಸೈಕಿಟ್-ಲರ್ನ್ ಒಂಟಿ ಅಕ್ಷರವನ್ನು ಎಸೆಯುತ್ತದೆ. ಹೀಗೆ ‘ದ’ ಹೋಯಿತು, ‘ರ’ ಹೋಯಿತು, ಉಳಿದದ್ದು ‘ವಣಗ’. ‘ರೆಜೆಕ್ಸ್’ ಅನ್ನುವ ಬೇರೆ ಲೈಬ್ರರಿ ಹಾಕಿ ಪದ ಒಡೆದ ಮೇಲೆ ಸರಿಹೋಯಿತು. ಕನ್ನಡದಲ್ಲಿ ಪದ ಎಣಿಸುವವರು ಯಾರೇ ಆದರೂ ಮೊದಲು ಇದನ್ನು ನೋಡಿಕೊಳ್ಳಿ.

ಇದೇ ಜಾತಿಯ ಇನ್ನೊಂದು ಪೀಡೆ ಬರ್ಟ್ ಮಾಡೆಲ್ (ರಾಶಿ ಬರಹ ಓದಿ ಭಾಷೆ ಕಲಿತ ಎಐ) ಹಾಕಿದಾಗ ಬಂತು. ಗೂಗಲ್‌ನ ಬಹುಭಾಷಾ ಬರ್ಟ್‌ನಲ್ಲಿ ಎರಡು ಬಗೆ: ಇಂಗ್ಲಿಷಿನಂಥ ಭಾಷೆಗಳ ದೊಡ್ಡಕ್ಷರ ಸಣ್ಣಕ್ಷರದ ಭೇದ ಉಳಿಸುವ ಕೇಸ್ಡ್, ಅಳಿಸುವ ಅನ್‌ಕೇಸ್ಡ್. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲವಲ್ಲ, ಯಾವುದಾದರೇನು ಅನಿಸುತ್ತದೆ. ಆದರೆ ಅನ್‌ಕೇಸ್ಡ್ ಬಗೆ ಯುರೋಪಿನ ಭಾಷೆಗಳ ಉಚ್ಚಾರ ಗುರುತು ತೆಗೆಯುವ ಭರದಲ್ಲಿ ನಮ್ಮ ಗುಡಿಸು, ಎತ್ವ, ಒತ್ತಕ್ಷರದ ವಿರಾಮವನ್ನೂ ಗುಡಿಸಿ ಹಾಕುತ್ತದೆ. ಹರಿಹರ ‘ಹರಹರ’ ಆಗುತ್ತದೆ. ಹೊನ್ನಾಳಿ ‘ಹೂನನಾಳ’ ಆಗುತ್ತದೆ. ನಮ್ಮ ಕರಡು ತಿದ್ದುವ ಮೇಷ್ಟ್ರಿಗೆ ತೋರಿಸಿದೆ. “ಹರಹರ ಅನ್ನಿಸ್ತಲ್ಲಪ್ಪ, ಪುಣ್ಯ ಬರ್ತದೆ ಬಿಡು” ಅಂದರು. ಅನ್‌ಕೇಸ್ಡ್ ಬಿಟ್ಟು ಕೇಸ್ಡ್ ಹಾಕಿ ಅಂತ ಗೂಗಲ್‌ನವರೇ ಹೇಳಿದ್ದಾರೆ. ಅಷ್ಟು ಮಾಡಿದರೆ ಸಾಕು.

ಪ್ರತ್ಯಯಗಳ ಕಥೆ ಇನ್ನೂ ಉದ್ದ. ‘ಹಿರಿಯೂರು’ ಅಂತ ಹುಡುಕಿದರೆ ಹಿರಿಯೂರಿಗೆ, ಹಿರಿಯೂರಿನಲ್ಲಿ ಎರಡೂ ಸಿಗುವುದಿಲ್ಲ. ಕೊನೆಯ ಉಕಾರ ಬಿಟ್ಟು ‘ಹಿರಿಯೂರ’ ತನಕ ಹುಡುಕಬೇಕು. ಜಗಳೂರಿಗೂ ಇದೇ ದಾರಿ. ಆದರೆ ಎಲ್ಲ ಕಡೆ ಹೀಗೆ ಕತ್ತರಿಸಿದರೆ ಬೇರೆ ಎಡವಟ್ಟು. ನಾವು ಚಿತ್ರದುರ್ಗವನ್ನು ಬರೀ ‘ದುರ್ಗ’ ಅನ್ನುತ್ತೇವೆ, ವರದಿಗಾರರೂ ಹಾಗೇ ಬರೆಯುತ್ತಾರೆ. ‘ದುರ್ಗ’ದಿಂದ ಶುರುವಾಗುವುದನ್ನೆಲ್ಲ ಹಿಡಿ ಅಂದರೆ ನಮ್ಮೂರಿನ ದುರ್ಗಾಂಬಿಕೆ ಜಾತ್ರೆಯೂ ಚಿತ್ರದುರ್ಗಕ್ಕೆ ಹೋಗುತ್ತದೆ. ಚರಂಡಿಯ ದುರ್ಗಂಧವೂ ಹೋಗುತ್ತದೆ. ಅದಕ್ಕೇ ಒಂದೊಂದು ಹೆಸರಿಗೂ ಯಾವ ಕೊನೆ ನಡೆಯುತ್ತದೆ ಅಂತ ಬರೆದಿಟ್ಟೆ: ದಲ್ಲಿ, ಕ್ಕೆ, ದಿಂದ, ದವರು. ಬೇಜಾರಿನ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಗೀತು. ಅದಕ್ಕೂ ಮೊದಲು ಎಲ್ಲ ಬರಹವನ್ನೂ ಯೂನಿಕೋಡ್‌ನ ಎನ್‌ಎಫ್‌ಸಿ ಅನ್ನುವ ಏಕರೂಪಕ್ಕೆ ತರಬೇಕು. ‘ಹೊ’ ಅನ್ನುವುದರ ಒತ್ವವನ್ನು ಒಂದೇ ಸಂಕೇತದಲ್ಲಿ ಬರೆಯಬಹುದು, ಎರಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ನುಡಿ ಫಾಂಟಿನಿಂದ ಪರಿವರ್ತಿಸಿದ ಹಳೆ ಕಡತಗಳಲ್ಲಿ ಇಂಥವು ಜಾಸ್ತಿ ಸಿಕ್ಕವು.

ಒಂದೇ ವಸ್ತುವಿಗೆ ಎರಡು ಮೂರು ಹೆಸರಿದ್ದರೆ ಯಾವ ಮಾಡೆಲ್ಲೂ ಕೈಹಿಡಿಯುವುದಿಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯೇ ಶಾಂತಿಸಾಗರ. ಹಿರಿಯೂರಿನ ಮಾರಿಕಣಿವೆಯೇ ವಾಣಿವಿಲಾಸ ಸಾಗರ. ಬೆಳೆಯಲ್ಲೂ ಹಾಗೇ. ಮೆಕ್ಕೆಜೋಳ, ಗೋವಿನಜೋಳ, ಮುಸುಕಿನ ಜೋಳ ಮೂರೂ ಒಂದೇ. ಬರೀ ‘ಜೋಳ’ ಅಂದರೆ ಬೇರೆ ಬೆಳೆ, ಬೇರೆ ದರ. ದಾವಣಗೆರೆ ಎಪಿಎಂಸಿ ಸುದ್ದಿಗೆ ‘ಜೋಳ’ ಅಂತ ಟ್ಯಾಗ್ ಬಿದ್ದರೆ ರೈತರು ಬೈಯುವುದು ಗ್ಯಾರಂಟಿ. ಈ ಜೋಡಿಗಳನ್ನೆಲ್ಲ ಒಂದು ಹಾಳೆಯಲ್ಲಿ ಕೂಡಿಸಿ, ವಿಕಿಡೇಟಾ ನಂಬರಿಗೆ ಕಟ್ಟಿದೆ. ಮೇಷ್ಟ್ರು ಕೂತು ಹೆಸರು ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ನನ್ನ ಹತ್ತಿರ ಇರುವುದರಲ್ಲೆಲ್ಲ ಬೆಲೆಬಾಳುವುದು ಈ ಹಾಳೆಯೇ. ಸಾಧನ ಯಾವುದು ಬಂದರೂ ಇದು ಹಳತಾಗಲ್ಲ.

ಹಾಳೆಯಲ್ಲಿ ಒಂದು ಕಾಲಂ ಮಾತ್ರ ಬೇಕಂತಲೇ ಬಿಟ್ಟಿದ್ದೇನೆ. ಅದು ಜಿಲ್ಲೆ. ತಾಲ್ಲೂಕು ಗೊತ್ತಾದರೆ ಜಿಲ್ಲೆ ತಾನಾಗಿ ಬರುತ್ತದೆ ಅಂತ ಹಲವು ಸಾಧನಗಳು ನಂಬುತ್ತವೆ. ನಮ್ಮ ಕಡೆ ಅದು ನಡೆಯಲ್ಲ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೂ ಮುಂಚೆ ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹೀಗಾಗಿ ಬರಹದ ದಿನಾಂಕ ನೋಡಿಯೇ ಜಿಲ್ಲೆ ಹಾಕಬೇಕು. ‘ಇಂಥ ದಿನದಿಂದ ಇಂಥ ದಿನದವರೆಗೆ’ ಅಂತ ಬರೆಯಲು ವಿಕಿಡೇಟಾದಲ್ಲಿ ಜಾಗ ಇದೆ. ಅದನ್ನೇ ಬಳಸುತ್ತೇನೆ.

ಈಗ ಹೆಸರು ಹೆಕ್ಕಲು ಭಾರತೀಯ ಭಾಷೆಗಳ ಎಐ ಸಂಶೋಧನಾ ತಂಡ ಎಐ4ಭಾರತ್‌ನವರ ಇಂಡಿಕ್‌ನರ್ ಇಟ್ಟುಕೊಂಡಿದ್ದೇನೆ. ಕನ್ನಡವೂ ಸೇರಿ 11 ಭಾರತೀಯ ಭಾಷೆಗಳಿಗೆ ಮಾಡಿದ ಮಾಡೆಲ್ ಅದು. ವ್ಯಕ್ತಿ, ಸ್ಥಳ, ಸಂಸ್ಥೆ ಅಂತ ಮೂರು ಗುಂಪು ಮಾಡುತ್ತದೆ. ಚೆನ್ನಾಗಿದೆ, ಉಚಿತವೂ ಹೌದು. ಹೊಸ ಮಾಡೆಲ್ ಬಂದಾಗ ಮಾತ್ರ ತಕ್ಷಣ ಹಾಕುವುದಿಲ್ಲ. ಕೈಯಿಂದಲೇ ಟ್ಯಾಗ್ ಹಾಕಿದ ಒಂದಿಷ್ಟು ಬರಹ ತೆಗೆದಿಟ್ಟಿದ್ದೇನೆ. ಹಳೆಯದನ್ನೂ ಹೊಸದನ್ನೂ ಅದರ ಮೇಲೆ ಓಡಿಸುತ್ತೇನೆ. ಹಾಕಿದ್ದರಲ್ಲಿ ಸರಿ ಎಷ್ಟು, ಹಾಕಬೇಕಾದ್ದರಲ್ಲಿ ಹಾಕಿದ್ದು ಎಷ್ಟು, ಎರಡೇ ಲೆಕ್ಕ. ಒಟ್ಟು ಅಂಕ ಏರಿದರೂ ಊರುಗಳಲ್ಲಿ ಇಳಿದಿದ್ದರೆ ಅಪ್‌ಡೇಟ್ ಬೇಡ ಅನ್ನುತ್ತೇನೆ. ನಮ್ಮ ಓದುಗರು ಹುಡುಕುವುದು ಊರಿನ ಹೆಸರನ್ನೇ ಅಲ್ವಾ?

ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾಡೆಲ್‌ಗಳನ್ನೂ ನೋಡಿದೆ. ಬರಹದ ತಿರುಳು ಚೆನ್ನಾಗಿ ಹಿಡಿಯುತ್ತವೆ. ಆದರೆ ಬಾಯಿಗೆ ಬಂದ ಟ್ಯಾಗ್ ಹುಟ್ಟಿಸುತ್ತವೆ: ಇವತ್ತು ‘ಮೆಕ್ಕೆಜೋಳ ಬೆಲೆ’, ನಾಳೆ ‘ಜೋಳದ ದರ’. ನಮ್ಮ ಹಾಳೆ ಕೊಟ್ಟು ‘ಇದರಲ್ಲೇ ಆರಿಸು, ಇಲ್ಲದಿದ್ದರೆ ಇಲ್ಲ ಅನ್ನು’ ಅಂದ ಮೇಲೆ ಹಾದಿಗೆ ಬಂದವು. ಖರ್ಚಿನ ಮಾತೂ ಇದೆ. ಈ ಮಾಡೆಲ್‌ಗಳು ಬರಹವನ್ನು ಟೋಕನ್ ಅನ್ನುವ ತುಣುಕುಗಳಾಗಿ ಒಡೆಯುತ್ತವೆ, ಖರ್ಚು ಅದರ ಲೆಕ್ಕದಲ್ಲಿ. ಕನ್ನಡ ಬರಹ ಇಂಗ್ಲಿಷ್‌ಗಿಂತ ಜಾಸ್ತಿ ಟೋಕನ್ ತಿನ್ನುತ್ತದೆ. ಹಾಗಾಗಿ ಎಲ್ಲಕ್ಕೂ ಅದನ್ನು ಓಡಿಸುವುದಿಲ್ಲ, ಇಂಡಿಕ್‌ನರ್ ತಡವರಿಸಿದ ಕಡೆ ಮಾತ್ರ.

ಸ್ಕೀಮಾದಲ್ಲಿ ‘ಅಬೌಟ್’, ‘ಮೆನ್ಷನ್ಸ್’ ಅಂತ ಎರಡು ಬೇರೆ ಮನೆ ಇವೆ. ಬರಹ ಯಾವುದರ ಬಗ್ಗೆ ಅನ್ನುವುದು ಒಂದರಲ್ಲಿ, ಸುಮ್ನೆ ಹೆಸರು ಬಂದು ಹೋಗಿದ್ದು ಇನ್ನೊಂದರಲ್ಲಿ. ಎರಡನೆಯದನ್ನು ಯಂತ್ರಕ್ಕೇ ಬಿಟ್ಟಿದ್ದೇನೆ. ಮೊದಲನೆಯದನ್ನು ಮೇಷ್ಟ್ರು ನೋಡದೆ ಬಿಡುವುದಿಲ್ಲ. ‘ಭದ್ರಾ’ ಅಂತ ಬಂದರೆ ಅದು ನದಿಯೋ, ಲಕ್ಕವಳ್ಳಿಯ ಅಣೆಕಟ್ಟೋ, ನಮ್ಮ ನಾಲೆಯೋ, ದುರ್ಗದವರು ಕಾಯುತ್ತಿರುವ ಮೇಲ್ದಂಡೆ ಯೋಜನೆಯೋ, ಹುಲಿ ಅಭಯಾರಣ್ಯವೋ? ಇಂಡಿಕ್‌ನರ್ ಹೆಚ್ಚಿನ ಸಲ ಎಲ್ಲಕ್ಕೂ ‘ಸ್ಥಳ’ ಅಂದು ಸುಮ್ಮನಾಗುತ್ತದೆ. ಬೇಸಿಗೆ ಬೆಳೆಗೆ ನೀರು ಬಿಡುವ ಸಮಯದಲ್ಲಿ ಇಂಥ ಸುದ್ದಿ ದಿನಕ್ಕೆ ನಾಲ್ಕಾರು ಬರುತ್ತವೆ. ಅವಕ್ಕೆಲ್ಲ ಈಗಲೂ ಕೈಯಿಂದಲೇ ಟ್ಯಾಗ್ ಹಾಕುತ್ತೇವೆ.