ಬೆಳಕಿನ ಚಿಕಿತ್ಸೆಯ ಕೋರ್ಸ್‌ಗೆ ದುಡ್ಡು ಕಟ್ಟುವ ಮುಂಚೆ

ಕೆಂಪು ಬೆಳಕಿನ ಚಿಕಿತ್ಸೆ (ದೇಹದ ಮೇಲೆ ಕೆಂಪು ಅಥವಾ ಇನ್‌ಫ್ರಾರೆಡ್ ಬೆಳಕು ಬಿಡುವ ವಿಧಾನ) ಕಲಿಯಬೇಕು ಅಂತಿರುವ ಫಿಸಿಯೋಥೆರಪಿಸ್ಟ್‌ಗಳು, ವೆಲ್‌ನೆಸ್ ಕೇಂದ್ರ ನಡೆಸುವವರು ಮೊದಲು ಪಾಠಪಟ್ಟಿ ತರಿಸಿಕೊಂಡು ಓದಿ. ಅದರಲ್ಲಿ ಡೋಸ್ ಲೆಕ್ಕ, ಅಂದರೆ ಚರ್ಮದ ಮೇಲೆ ಎಷ್ಟು ಬೆಳಕಿನ ಶಕ್ತಿ ಬೀಳಬೇಕು ಎಂಬ ಲೆಕ್ಕ ಇದೆಯಾ ನೋಡಿ.

ಈ ಚಿಕಿತ್ಸೆಯ ಜೀವಾಳವೇ ಅದು. ಸಾಮಾನ್ಯವಾಗಿ ಬಳಸುವ ಕೆಂಪು ಬೆಳಕಿನ ತರಂಗಾಂತರ (ಬೆಳಕಿನ ಅಲೆಯ ಉದ್ದ) 630ರಿಂದ 660 ನ್ಯಾನೋಮೀಟರ್. ಇನ್ನೂ ಆಳಕ್ಕೆ ಇಳಿಯುವ ಇನ್‌ಫ್ರಾರೆಡ್ 810ರಿಂದ 850. ಚದರ ಸೆಂಟಿಮೀಟರಿಗೆ 50 ಮಿಲಿವ್ಯಾಟ್ ಬೀಳುವ ಉಪಕರಣವನ್ನು 80 ಸೆಕೆಂಡ್ ಹಿಡಿದರೆ ಚದರ ಸೆಂಟಿಮೀಟರಿಗೆ 4 ಜೌಲ್ ಡೋಸ್ ಆಯಿತು. ಜಾಸ್ತಿ ಹೊತ್ತು ಹಿಡಿದರೆ ಜಾಸ್ತಿ ಗುಣ ಅನ್ನೋದು ತಪ್ಪು, ಮಿತಿ ದಾಟಿದರೆ ಪ್ರಯೋಜನ ಕಡಿಮೆಯಾಗಬಹುದು. ಇದನ್ನು ಕಲಿಸದೆ ಸುಮ್ನೆ ಬಟನ್ ತೋರಿಸುವುದು ತರಬೇತಿಯಲ್ಲ, ಮಾರಾಟದ ಡೆಮೊ. ಯಂತ್ರ ಮಾರುವವರೇ ಕೋರ್ಸ್ ನಡೆಸುತ್ತಿದ್ದರೆ ಬೇರೆ ಕಂಪನಿಯ ಯಂತ್ರಕ್ಕೂ ಲೆಕ್ಕ ಹಾಕಲು ಕಲಿಸ್ತೀರಾ ಎಂದು ನೇರವಾಗಿ ಕೇಳಿ.

ಸುರಕ್ಷತೆಯ ಪಾಠ ಇರಲೇಬೇಕು. ಈ ಚಿಕಿತ್ಸೆಯ ಕೆಲವು ಯಂತ್ರಗಳು ಲೇಸರ್‌ನವು; 3ಬಿ ಮತ್ತು 4ನೇ ವರ್ಗದ, ಅಂದರೆ ಹೆಚ್ಚು ಶಕ್ತಿಯ ಲೇಸರ್ ಕಣ್ಣಿಗೆ ಅಪಾಯ. ಕನ್ನಡಕ ಆ ತರಂಗಾಂತರಕ್ಕೆ ಹೊಂದಬೇಕು, ರೋಗಿಗೂ ಬೇಕು. ಬೆಳಕಿಗೆ ಚರ್ಮವನ್ನು ಸೂಕ್ಷ್ಮಗೊಳಿಸುವ ಮಾತ್ರೆ ತಗೊಳ್ತಿದ್ದಾರಾ, ಆ ಜಾಗದಲ್ಲಿ ಕ್ಯಾನ್ಸರ್ ಗಡ್ಡೆ ಇದೆಯಾ ಎಂದು ವಿಚಾರಿಸುವುದನ್ನೂ ಕಲಿಸಬೇಕು.

ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ಬಾಯಿಹುಣ್ಣು ತಡೆಯಲು ಈ ವಿಧಾನಕ್ಕೆ ಒಳ್ಳೆಯ ಆಧಾರವಿದೆ. ಎಲ್ಲ ಕಾಯಿಲೆಗೂ ಇದೇ ಮದ್ದು ಎನ್ನುವವರ ಹತ್ತಿರ ಸೇರಬೇಡಿ.

ಥಿಯರಿ ಆನ್‌ಲೈನ್‌ನಲ್ಲಿ ಕಲಿತರೂ ಪರವಾಗಿಲ್ಲ, ಪ್ರಾಕ್ಟಿಕಲ್ ಮಾತ್ರ ಎದುರಿಗೇ ಆಗಲಿ. ಇನ್ನೊಂದು, ಸರ್ಟಿಫಿಕೇಟ್ ಸಿಕ್ಕಿತೆಂದು ನಿಮ್ಮ ನೋಂದಣಿಯ ವ್ಯಾಪ್ತಿ ಹಿಗ್ಗುವುದಿಲ್ಲ. ಅದನ್ನು ನಿಮ್ಮ ಕೌನ್ಸಿಲ್‌ನಲ್ಲಿ ಮೊದಲೇ ವಿಚಾರಿಸಿಕೊಳ್ಳಿ.